ಮುಂಬಾಗಿಲ ಬಲಗಡೆಯ ಕಿಟಕಿ

ಪಟ್ಟಣದ ಪುರಾತನ ಕಟ್ಟಡಗಳ ಸಂರಕ್ಷಣಾಧಿಕಾರಿಗಳಾದ ಶ್ರೀ ಹೆಪ್‌ವರ್ತ್ ಅವರ ಸನ್ನಿಧಿಗೆ, ಸೇಂಟ್ ಓಸ್ವಿನ್ ಬೀದಿಯ ಹನ್ನೊಂದನೇ ನಂಬರಿನ ಕಲ್ಲುಮನೆಯಿಂದ ಮುರಿಯೆಲ್ ಟ್ಯಾನ್ಸ್ಲಿ ಮಾಡುವ ವಂದನೆಗಳು. ಇಲ್ಲಿ ಎಂದಿನಂತೆ ತುಂತುರು. ತಾವೂ ತಮ್ಮ ಕೊಡೆಯೂ ಕ್ಷೇಮವೆಂದು ನಂಬಿದ್ದೇನೆ.

ಮಾನ್ಯರೇ, ನನ್ನ ಯಜಮಾನರಾದ ಡೆಸ್ಮಂಡ್ ನಲವತ್ತು ವರ್ಷ ಈ ಊರಿನ ಕಲ್ಲುಗೋಡೆಗಳಿಗೆ ಸುಣ್ಣದ ಗಾರೆ ಮೆತ್ತಿದವರು. ಮಾರ್ಚ್ ತಿಂಗಳಲ್ಲಿ ಪಾರ್ಶ್ವವಾಯು ಬಡಿದ ಮೇಲೆ ಮಹಡಿ ಹತ್ತಲಾರರು. ಮೆಟ್ಟಿಲಿಗೆ ಹಿಡಿಕಂಬಿ ಹಾಕಿಸಿದರೆ ಹದಿನೆಂಟನೇ ಶತಮಾನಕ್ಕೆ ನೋವಾಗುತ್ತದೆಂದು ತಾವು ತಿಳಿಸಿದ್ದರಿಂದ, ಅವರ ಮಂಚವನ್ನು ಮುಂಬಾಗಿಲ ಬಲಗಡೆಯ ಕೋಣೆಗೆ ಇಳಿಸಿದೆವು. ಆ ಕೋಣೆಗೆ ಕಿಟಕಿಯಿಲ್ಲ. ಕಿಟಕಿಗಳಿಗೂ ತೆರಿಗೆ ಹಾಕುತ್ತಿದ್ದ ಕಾಲದಲ್ಲಿ ಯಾರೋ ಜಾಣ ಒಡೆಯ ಇದ್ದ ಒಂದನ್ನೂ ಕಲ್ಲಿಟ್ಟು ಮುಚ್ಚಿಸಿದ್ದ. ಹೊರಗೋಡೆ ಬೋಳಾಗಿ ಕಾಣಬಾರದೆಂದು ಡೆಸ್ಮಂಡ್ ಮೂವತ್ತು ವರ್ಷಗಳ ಹಿಂದೆ, ದೋಣಿಗೆ ಬಳಿದು ಉಳಿದ ಬಣ್ಣದಲ್ಲಿ, ಆ ಕಲ್ಲಿನ ಮೇಲೆಯೇ ಚೌಕಟ್ಟು, ಗಾಜು ಮತ್ತು ಮಲಗಿದ ಒಂದು ಬೂದುಬೆಕ್ಕನ್ನು ಬರೆದರು.

ಆ ಕಲ್ಲು ತೆಗೆಸಿ ನಿಜವಾದ ಕಿಟಕಿ ಇಡಿಸಲು ನಾನು ಅನುಮತಿ ಕೇಳಿದ್ದೆ. ಮಲಗಿದಲ್ಲಿಂದ ಬೀದಿಯಲ್ಲಿ ಹೋಗಿಬರುವವರನ್ನು ನೋಡಬೇಕೆಂಬುದು ಅವರ ಒಂದೇ ಆಸೆ. ತಾವು ಖುದ್ದಾಗಿ ದಯಮಾಡಿಸಿ, ಎದುರಿನ ಕಾಲುದಾರಿಯಲ್ಲಿ ಹತ್ತು ನಿಮಿಷ ನಿಂತಿರಿ. "ಒಳಗೆ ಬನ್ನಿ ಸಾರ್, ಟೀ ಆಗಿದೆ" ಎಂದು ಕರೆದರೆ, "ಬೇಡ ಮೇಡಂ, ನನ್ ಕೆಲ್ಸ ಎಲ್ಲಾ ಬೀದಿ ಕಡೆಯಿಂದ್ಲೇ" ಎಂದು ಹೊರಟೇಬಿಟ್ಟಿರಿ. ಹದಿನೈದು ದಿನಕ್ಕೆ ಆದೇಶ ಬಂತು: ಸದರಿ ಸ್ಥಳದಲ್ಲಿ ಈಗಾಗಲೇ ಕಿಟಕಿ ಇರುವುದರಿಂದ ಅರ್ಜಿ ತಿರಸ್ಕೃತ, ಗಾಜು ಮೂಲದ್ದಾಗಿದ್ದು ಮುಟ್ಟತಕ್ಕದ್ದಲ್ಲ, ಪರಿಶೀಲನೆಯ ವೇಳೆ ಒಳಗೆ ಬೆಕ್ಕೊಂದು ಮಲಗಿತ್ತು.

ನಾವು ಬೆಕ್ಕು ಸಾಕಿಲ್ಲ, ಮಾನ್ಯರೇ. ಆದರೂ ಆದೇಶ ಓದಿ ಹೇಳಿದಾಗ ಡೆಸ್ಮಂಡ್ ಕಾಯಿಲೆ ಬಿದ್ದ ಮೇಲೆ ಮೊದಲ ಸಲ ನಕ್ಕರು. "ನೋಡ್ದ್ಯೇನೇ, ಆಫೀಸರ್ ಕಣ್ಣಿಗೇ ಗಾಜಾಗೋಯ್ತು ನನ್ ಬಣ್ಣ!" ಎಂದರು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು.

ತಮ್ಮ ದೃಷ್ಟಿಯನ್ನು ಪ್ರಶ್ನಿಸಲು ನಾನಾರು? ದಾಖಲೆಯಲ್ಲಿ ಕಿಟಕಿ ಇದೆಯೆಂದ ಮೇಲೆ ಅದರ ಮೂಲಕ ಒಳಬರುವಂತೆ ಸೂರ್ಯನಿಗೂ ಒಂದು ನೋಟೀಸು ಕಳಿಸಬೇಕಾಗಿ ವಿನಂತಿ. ಹಾಗೆಯೇ ಡೆಸ್ಮಂಡ್ ಅವರನ್ನೂ ಸಂರಕ್ಷಿತರ ಪಟ್ಟಿಗೆ ಸೇರಿಸಿಕೊಂಡರೆ ತಮ್ಮ ಅಪ್ಪಣೆಯಿಲ್ಲದೆ ಯಾರೂ ಅವರನ್ನು ಕೊಂಡೊಯ್ಯುವಂತಿರುವುದಿಲ್ಲ. ಮುಂದಿನ ವಸಂತ ಕಾಣುವುದು ಅನುಮಾನವೆಂದು ಡಾಕ್ಟರು ಹೇಳಿದ್ದಾರೆ. ಆ ಡಾಕ್ಟರಿಗೂ ತಾವೇ ನಿಯಮ ತಿಳಿಸಬೇಕು.

ತಮ್ಮ ಆದೇಶದ ಕತ್ತಲಲ್ಲಿ ಸುಖವಾಗಿರುವ,
ತಮ್ಮ ವಿಶ್ವಾಸಿ,
ಮುರಿಯೆಲ್ ಟ್ಯಾನ್ಸ್ಲಿ

ಮರೆತ ಮಾತು: ಗಾಜು ಮಂಕಾಗಿದೆ, ಇಪ್ಪತ್ತೆಂಟು ದಿನಗಳೊಳಗೆ ಒರೆಸತಕ್ಕದ್ದು ಎಂದು ತಾವು ಕೊನೆಯಲ್ಲಿ ಬರೆದಿದ್ದಿರಿ. ಇಂದು ಬೆಳಿಗ್ಗೆ ಏಣಿ ಹಾಕಿ ಆ ಕಲ್ಲನ್ನು ಉಜ್ಜಿ ಒರೆಸಿದೆ. ಸದ್ದು ಕೇಳಿ ಡೆಸ್ಮಂಡ್ ಒಳಗಿಂದ, "ಕಲ್ಲು ಒಡೀತಿದಾರೇನೇ? ಆಫೀಸರ್ ಒಪ್ಪಿಬಿಟ್ರಾ?" ಎಂದು ಕೂಗಿದರು. ನಾನು ಬೆಕ್ಕಿನ ಕಿವಿ ಒರೆಸುತ್ತಲೇ ಇದ್ದೆ. ಉತ್ತರವನ್ನು ತಾವೇ ಒಮ್ಮೆ ಒಳಗೆ ಬಂದು ಅವರಿಗೆ ಹೇಳಿ ಹೋಗಿ.