ಬ್ಯಾಗಿನ ತಿಂಗಳು

ಇದು ಕಟ್ಟುಕತೆಯಲ್ಲ. ಬಂದ್ಯೋಡಿನಲ್ಲಿ ಬಸ್ಸಿಳಿದು ಯಾರನ್ನು ಬೇಕಾದರೂ ಕೇಳಿ. ಮೂವರು ಮೂರು ಬಗೆಯಲ್ಲಿ ಹೇಳಿಯಾರು, ಆದರೆ ಮೂವರ ಬಾಯಲ್ಲೂ ಸಿಕ್ಕಿಬೀಳುವವರು ಗೌರೀಶಂಕರ ಮಾಷ್ಟ್ರೇ. ಎಲ್ಲಕ್ಕೂ ಕಾರಣ ಒಂದು ಡಬ್ಬಿ ಮೊಸರನ್ನ.

ಐವತ್ತೊಂದು ತುಂಬಿದ ವಾರವೇ ಡಾಕ್ಟರು ರಕ್ತದ ಸಕ್ಕರೆ ತೋರಿಸಿ ಹೆದರಿಸಿದ್ದರಿಂದ ಮಾಷ್ಟ್ರು ಸೈಕಲ್ ಕೊಂಡಿದ್ದರು. ಮನೆ ಬಂದ್ಯೋಡಿನ ಒಳರಸ್ತೆಯಲ್ಲಿ, ಶಾಲೆ ಮೊಗ್ರಾಲಿನ ಹತ್ತಿರ. ಮೊದಲ ದಿನ ಬಟ್ಟೆಚೀಲವನ್ನು ಹ್ಯಾಂಡಲಿಗೆ ತೂಗಿಸಿ ಹೊರಟರು. ಅರ್ಧ ದಾರಿಯಲ್ಲಿ ಚೀಲ ಚಕ್ರದ ಕಡ್ಡಿಗಳ ನಡುವೆ ತಲೆ ತೂರಿಸಿತು, ಡಬ್ಬಿ ಬಾಯಿಬಿಟ್ಟಿತು, ಒಟ್ಟಿಗಿದ್ದ ಒಂದು ಸರಕಾರಿ ಫಾರ್ಮು ಹೊಟ್ಟೆ ತುಂಬ ಮೊಸರನ್ನ ಉಂಡಿತು.

ಅದು ಅಂತಿಂಥ ಫಾರ್ಮಲ್ಲ. ಈಗಿನ ಹೆಡ್ಮಾಷ್ಟ್ರು ರಿಟಯರಾಗುವುದರಿಂದ ಮುಂದಿನ ತಿಂಗಳಿನಿಂದ ಮಾಷ್ಟ್ರಿಗೆ ಅದೇ ಶಾಲೆಯಲ್ಲಿ ಹೆಡ್ಮಾಷ್ಟ್ರಾಗಿ ಬಡ್ತಿ. ಬೇರೆಯವರಾದರೆ ಹಾರ ಹಾಕಿಸಿಕೊಳ್ಳುತ್ತಿದ್ದರು. ಆದರೆ ಹೆಡ್ಮಾಷ್ಟ್ರಾದವರು ಮಧ್ಯಾಹ್ನದೂಟದ ಮೊಟ್ಟೆಯ ಹಿಂದೆ, ಗ್ಯಾಸಿನ ಹಿಂದೆ, ತೆರೆಯದ ವೆಬ್‌ಸೈಟಿನ ಹಿಂದೆ ಓಡಿ ಓಡಿ ವರ್ಷದೊಳಗೆ ಒಣಮೀನಿನಂತಾಗುವುದನ್ನು ಮಾಷ್ಟ್ರು ಕಣ್ಣಾರೆ ಕಂಡಿದ್ದರು. ನಾಲ್ಕು ಗಂಟೆಗೆ ಬೆಲ್ಲು ಹೊಡೆದ ಕೂಡಲೇ ಮನೆಗೆ ಹೋಗುವ ಸುಖ ಅವರಿಗೆ ಸಾಕಿತ್ತು. 'ನನಗೆ ಬಡ್ತಿ ಬೇಡ' ಎಂದು ಬರೆದುಕೊಡುವ ಫಾರ್ಮು ಅದು.

ಹೆಡ್ಮಾಷ್ಟ್ರ ಕೈಕಾಲು ಹಿಡಿದು, ಸಹಿ ಸೀಲು ಹಾಕಿಸಿ ಎರಡನೆಯ ಫಾರ್ಮು ತಯಾರಾಯಿತು. ಸಹಿ ಹಾಕಿದ ಸಂಜೆಯೇ ಹೆಡ್ಮಾಷ್ಟ್ರು ರಜೆಯ ಮೇಲೆ ಶಾರ್ಜಾದ ಮಗಳ ಮನೆಗೆ ಹಾರಿದರು. ಇನ್ನು ಮೂರನೆಯದಕ್ಕೆ ದಾರಿಯಿಲ್ಲ. ಗುರುವಾರ ಹನ್ನೆರಡು ಗಂಟೆಯ ಒಳಗೆ ಅದು ಶಿಕ್ಷಣ ಆಫೀಸಿನ ಮೇಜಿನ ಮೇಲಿರಬೇಕು. ತಪ್ಪಿದರೆ ಬಡ್ತಿ ಗಂಟುಬಿದ್ದಂತೆಯೇ.

ಹಾಗಾಗಿ ಈ ಸಲ ಸರಿಯಾದ ಬ್ಯಾಗಿನಲ್ಲೇ ಹೋಗಬೇಕೆಂದು ಮಾಷ್ಟ್ರು ಹಟ ತೊಟ್ಟರು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಶಾಲೆಯ ವಾಟ್ಸಾಪ್ ಗುಂಪಿನಲ್ಲಿ, ಸೈಕಲಿಗೆ ಯಾವ ಬ್ಯಾಗು ಒಳ್ಳೆಯದೆಂದು ಕೇಳಿಬಿಟ್ಟರು. ಗುಂಪಿನಲ್ಲಿದ್ದ ಹನ್ನೊಂದು ಜನರಲ್ಲಿ ಸೈಕಲ್ ಇದ್ದವರು ಯಾರೂ ಇಲ್ಲ. ಅಭಿಪ್ರಾಯ ಮಾತ್ರ ಹನ್ನೊಂದೂ ಜನರಿಗಿತ್ತು. ಬುಧವಾರ ಸಂಜೆಯೊಳಗೆ ಮಾಷ್ಟ್ರ ಮನೆಯೆದುರಿನ ತೆರೆದ ಸಿಟೌಟಿನಲ್ಲಿ ಐದು ಬ್ಯಾಗುಗಳು, ಹುಡುಗಿ ನೋಡಲು ಬಂದ ನೆಂಟರಂತೆ, ಸಾಲಾಗಿ ಕುಳಿತಿದ್ದವು. ಅಮೂಲ್ಯಾ ಟೀಚರು ಮಗನ ಬೆನ್ನುಬ್ಯಾಗು ಕಳಿಸಿದ್ದರು, ಅದರ ಮೇಲೊಂದು ನಗುವ ಕರಡಿ. ಗುಮಾಸ್ತರದ್ದು ಇಲೆಕ್ಷನ್ ತರಬೇತಿಯಲ್ಲಿ ಸಿಕ್ಕಿದ ಹೆಗಲಚೀಲ. ಯಾರದೋ ಲ್ಯಾಪ್‌ಟಾಪಿನದು ಒಂದು. ಲೆಕ್ಕದ ಮಾಷ್ಟ್ರು ಪ್ರವೀತ್ ತನ್ನ ಭಾವನ ದುಬೈ ಬ್ಯಾಗನ್ನೇ ಕೊಟ್ಟಿದ್ದ. ಫಾರ್ಮು ಮಾತ್ರವಲ್ಲ, ಬೇಕಿದ್ದರೆ ಹೆಡ್ಮಾಷ್ಟ್ರನ್ನೇ ಅದರಲ್ಲಿ ಮಡಚಿಡಬಹುದಿತ್ತು. ಐದನೆಯದು ಪಕ್ಕದ ಮನೆಯ ಮಹೇಶ್ವರ ಅಕ್ಕಿಚೀಲದಿಂದ ಹೊಲಿಸಿದ ಜೋಡುಚೀಲ. ಅವರು ರಿಟಯರ್ಡ್ ಪೋಸ್ಟ್‌ಮ್ಯಾನ್. ಸೈಕಲಿನ ವಿಷಯದಲ್ಲಿ ಅವರ ಮಾತೇ ಕೊನೆಯದೆಂಬುದು ಮುಖ್ಯವಾಗಿ ಅವರದೇ ನಂಬಿಕೆ.

ಗುರುವಾರ ಬೆಳಿಗ್ಗೆ ಅರ್ಧ ದಿನದ ರಜೆ ಹಾಕಿ ಮಾಷ್ಟ್ರು ಅಂಗಳದಲ್ಲಿ ಪರೀಕ್ಷೆ ಶುರುಮಾಡಿದರು. ನೀಲಿ ಪ್ಲಾಸ್ಟಿಕ್ ಫೈಲಿನೊಳಗೆ ಫಾರ್ಮು, ಫೈಲು ಬ್ಯಾಗಿನೊಳಗೆ, ಬ್ಯಾಗು ಸೈಕಲಿನ ಮೇಲೆ, ಅಂಗಳಕ್ಕೆ ಎರಡು ಸುತ್ತು. ಕರಡಿಬ್ಯಾಗಿನಲ್ಲಿ ಬೆನ್ನು ಬೆವತು ಅಂಗಿ ಚರ್ಮಕ್ಕೆ ಅಂಟಿತು. ಹೆಗಲಚೀಲ ತಿರುವಿನಲ್ಲಿ ಜಾರಿ ಬಂದು ಮೊಣಕಾಲಿಗೆ ಗುದ್ದಿತು. ದುಬೈ ಬ್ಯಾಗನ್ನು ಕ್ಯಾರಿಯರಿಗೆ ಕಟ್ಟಿದ ಕೂಡಲೇ ಸೈಕಲಿನ ಮುಂಚಕ್ರ ಮದುವೆ ಮೆರವಣಿಗೆಯ ಕುದುರೆಯಂತೆ ಮೇಲೆದ್ದಿತು. ಮಹೇಶ್ವರ ಬೇಲಿಯ ಆಚೆಯಿಂದ ಮಾರ್ಕು ಹಾಕುತ್ತಿದ್ದರು.

"ಭಾರ ಬೆನ್ನಿಗಲ್ಲ ಮಾಷ್ಟ್ರೆ, ಕ್ಯಾರಿಯರಿಗೆ. ಅದೂ ಎರಡೂ ಬದಿಗೆ ಸಮ. ನನ್ನ ಚೀಲ ಹಾಕಿ ನೋಡಿ, ಮತ್ತೆ ಮಾತಾಡುವ."

ಹಾಕಿ ನೋಡಿದರೆ ಪೆಡಲು ತುಳಿದಾಗಲೆಲ್ಲ ಹಿಮ್ಮಡಿ ಚೀಲಕ್ಕೆ ಬಡಿಯಿತು. ಮಾಷ್ಟ್ರು ಮತ್ತೆ ಮೊದಲಿನಿಂದ ಹಿಡಿದರು. ಫೈಲು ಕರಡಿಯಿಂದ ದುಬೈಗೆ, ದುಬೈಯಿಂದ ಅಕ್ಕಿಚೀಲಕ್ಕೆ ಎಷ್ಟು ಸಲ ಪ್ರಯಾಣಮಾಡಿತೆಂದರೆ ಕೊನೆಗೆ ಅದು ಎಲ್ಲಿ ಇಳಿಯಿತೆಂಬುದು ಅವರಿಗೇ ತಿಳಿಯಲಿಲ್ಲ. ಗಂಟೆ ಹತ್ತಾಯಿತು. ಸ್ನಾನ ಮುಗಿಸಿ ಬಂದು ತೀರ್ಮಾನಿಸುವ ಎಂದು ಬ್ಯಾಗುಗಳನ್ನು ಸಿಟೌಟಿನಲ್ಲೇ ಬಿಟ್ಟು ಬಚ್ಚಲಿಗೆ ನಡೆದರು.

ಬಂದು ನೋಡಿದರೆ ಸಿಟೌಟು ಗುಡಿಸಿಟ್ಟ ಹಾಗೆ ಖಾಲಿ. ಹೆಂಡತಿ ರಂಜನಿಗೆ ಮಿಕ್ಸಿಯ ಸದ್ದಿನಲ್ಲಿ ಏನೂ ಕೇಳಿಸಿರಲಿಲ್ಲ. ಬೇಲಿಯ ಆಚೆ ಮಹೇಶ್ವರ ಮಾತ್ರ ದೊಡ್ಡ ಉಪಕಾರ ಮಾಡಿದ ಮುಖ ಹೊತ್ತು ನಿಂತಿದ್ದರು.

"ಹರಿತ ಸೇನೆಯವರು ಬಂದಿದ್ರು ಮಾಷ್ಟ್ರೆ. ಈ ತಿಂಗಳು ಚಪ್ಪಲಿ, ಬ್ಯಾಗಿನ ಸರದಿ ಅಲ್ವ? ಪರೀಕ್ಷೆಯಲ್ಲಿ ಫೇಲಾದದ್ದನ್ನೆಲ್ಲ ನೀವು ಹೊರಗೆ ಇಟ್ಟದ್ದು ಅದಕ್ಕೇ ಅಂತ ನಾನೇ ಎತ್ತಿ ಆಟೋಕ್ಕೆ ಹಾಕಿದೆ."

ಹರಿತ ಕರ್ಮ ಸೇನೆಯೆಂದರೆ ಪಂಚಾಯತಿನ ಪರವಾಗಿ ಮನೆಮನೆಯಿಂದ ಪ್ಲಾಸ್ಟಿಕ್ ಒಯ್ಯುವ ಹಸಿರು ಕೋಟಿನ ಹೆಂಗಸರು. ಪ್ಲಾಸ್ಟಿಕ್ ತಿಂಗಳು ತಿಂಗಳೂ ಉಂಟು. ಅದರ ಒಟ್ಟಿಗೆ ಒಂದು ತಿಂಗಳು ಗಾಜು, ಒಂದು ತಿಂಗಳು ಬಟ್ಟೆ, ಹೀಗೆ ಕ್ಯಾಲೆಂಡರು. ವರ್ಷಕ್ಕೊಮ್ಮೆ ಬರುವ ಬ್ಯಾಗಿನ ತಿಂಗಳಿನಲ್ಲಿ, ಅವರು ಬರುವ ದಿನವೇ, ಐದು ಬ್ಯಾಗುಗಳನ್ನು ಹೊರಗೆ ಸಾಲಾಗಿ ಜೋಡಿಸಿಡುವ ಅದೃಷ್ಟ ಎಲ್ಲರಿಗೂ ಬರುವಂಥದ್ದಲ್ಲ.

"ನಿಮ್ಮ ಚೀಲವನ್ನೂ ಹಾಕಿದ್ರಾ?" ಎಂದು ಮಾಷ್ಟ್ರು ಕೇಳಿದರು.

ಮಹೇಶ್ವರರ ಮುಖ ಬಿಳಿಚಿತು. ಅದು ಅವರಿಗೆ ಹೊಳೆದದ್ದೇ ಆಗ.

ಮಾಷ್ಟ್ರು ಸೈಕಲ್ ಹತ್ತಿದರು. ಹತ್ತುವ ಮೊದಲು ಪ್ರವೀತನಿಗೊಂದು ಫೋನು ಮಾಡಿದರು. ಶಾಲೆಯಲ್ಲಿ ಅವರಿಗೆ ಹೆಚ್ಚು ಸಲಿಗೆ ಅವನಲ್ಲೇ. ಅವನು ಶಾಲೆಯ ಅಡುಗೆಯ ಕಿನ್ನಿಯಕ್ಕನ ದನಿಯಲ್ಲಿ ಹಲೋ ಎಂದು, ಗಂಜಿ ಬೇಯಲಿಲ್ಲವೆಂದು ಸತಾಯಿಸಿದ ಮೇಲೆಯೇ ಸ್ವಂತ ದನಿಗೆ ಬಂದ. ಯಾರ ದನಿಯನ್ನೂ ಕದಿಯದೆ ಅವನಿಗೆ ಫೋನು ಎತ್ತಿ ಗೊತ್ತಿಲ್ಲ. ಸಂಗತಿ ಕೇಳಿ, ಹೆದರಬೇಡಿ ಶಂಕರಣ್ಣ, ಶಿಕ್ಷಣ ಆಫೀಸಿಗೆ ನಾನು ಹೇಳಿಡುತ್ತೇನೆ, ಸಿಕ್ಕಿದ ಕೂಡಲೇ ನನಗೆ ತಿಳಿಸಿ ಎಂದ.

ಬೆನ್ನಿನಲ್ಲಿ ಕರಡಿಯಿಲ್ಲ, ಹಿಂದೆ ದುಬೈಯಿಲ್ಲ. ಖಾಲಿ ಸೈಕಲು ಬಾಣದಂತೆ ಹಾರಿತು. ಒಳರಸ್ತೆಯ ಇಳಿಜಾರಿನಲ್ಲಿ ಎರಡು ಕೋಳಿ, ಒಂದು ಸ್ಕೂಟರು, ಕೊನೆಗೆ ಒಂದು ಜೆಸಿಬಿ ಕೂಡ ಮಾಷ್ಟ್ರಿಗೆ ದಾರಿ ಬಿಟ್ಟವು. ಹನ್ನೊಂದಕ್ಕೆ ಐದು ನಿಮಿಷವಿರುವಾಗ ಅವರು ಸೇನೆಯವರು ತಂದದ್ದನ್ನೆಲ್ಲ ಬೇರ್ಪಡಿಸುವ ಶೆಡ್ಡಿನ ಮುಂದೆ ಏದುತ್ತ ಇಳಿದರು. ಬಲೆಗೋಡೆಯ ಆಚೆ ಬ್ಯಾಗುಗಳ ಗುಡ್ಡ. ಗುಡ್ಡದ ತುದಿಯಲ್ಲಿ ನಗುವ ಕರಡಿ. ಕರಡಿಯ ಬಾಯಿಯ ಜಿಪ್ಪಿನಿಂದ ಇಣುಕುವ ನೀಲಿ ಫೈಲು.

ಸೇನೆಯ ದೇವಕಿ ಬೀಗದ ಕೈ ತರಲು ಹೋದಳು. ಶಿಕ್ಷಣ ಆಫೀಸಿಗೆ ಅಲ್ಲಿಂದ ಇಪ್ಪತ್ತು ನಿಮಿಷದ ದಾರಿ. ಕುಣಿಯುವ ಖುಷಿಯಲ್ಲಿ ಮಾಷ್ಟ್ರು ಪ್ರವೀತನಿಗೆ ಮತ್ತೆ ಫೋನು ಮಾಡಿದರು. "ಸಿಕ್ಕಿತು ಮಾರಾಯ. ಕಣ್ಣೆದುರೇ ಉಂಟು. ಈಗ ತೆಗೆದು ಹೊರಟೆ."

ದೇವಕಿ ಬೀಗ ತೆಗೆಯುವುದಕ್ಕೂ ಮಾಷ್ಟ್ರ ಫೋನು ಹೊಡೆದುಕೊಳ್ಳುವುದಕ್ಕೂ ಸರಿಹೋಯಿತು. ಗುರುತಿಲ್ಲದ ನಂಬರು. ಆಚೆಯಿಂದ ದಪ್ಪ ಗಂಡುದನಿ, ಮಲೆಯಾಳದ ಒಗ್ಗರಣೆ ಬಿದ್ದ ಕನ್ನಡ.

"ಗೌರೀಶಂಕರನ್ ಮಾಷ್ ಅಲ್ಲೇ? ನಾನು ಪಂಚಾಯತ್ ಸೆಕ್ರೆಟರಿ. ಸರಕಾರಿ ಕಾಗದವನ್ನು ಹಳೆ ಬ್ಯಾಗಿನ ಒಟ್ಟಿಗೆ ಬಿಸಾಡಿದ್ದು ಯಾಕೆ? ನಾನು ಬರುವವರೆಗೆ ಒಂದು ಬ್ಯಾಗನ್ನೂ ಮುಟ್ಟಬಾರದು. ಮಹಜರು ಆಗಬೇಕು."

ಹನ್ನೆರಡರ ಗಡುವನ್ನು ಮಾಷ್ಟ್ರು ತೊದಲುತ್ತ ಹೇಳಿದರು. ಸೆಕ್ರೆಟರಿ ಕರುಣಾಳು. ಹತ್ತು ನಿಮಿಷದಲ್ಲಿ ಬರುತ್ತೇನೆ, ಮಹಜರು ಮುಗಿಸಿ ಫಾರ್ಮನ್ನು ಪಂಚಾಯತಿನ ಜೀಪಿನಲ್ಲೇ ತಲಪಿಸಿಕೊಡುತ್ತೇನೆ ಎಂದರು. ಒಂದೇ ಷರತ್ತು: ಇದು ರಹಸ್ಯ ತನಿಖೆ, ಸೇನೆಯ ಹೆಂಗಸರಿಗೆ ಸುಳಿವು ಸಿಗಬಾರದು.

"ತೆಗೊಳ್ಳಿ ಮಾಷ್ಟ್ರೇ" ಎಂದಳು ದೇವಕಿ, ಬಾಗಿಲು ತೆರೆದು.

"ಇರಲಿ. ಅವಸರ ಇಲ್ಲ" ಎಂದರು ಬೆವರಲ್ಲಿ ಮುಳುಗಿದ ಮಾಷ್ಟ್ರು.

ತಲೆಕೆಳಗಾದ ಒಂದು ಕ್ರೇಟಿನ ಮೇಲೆ ಕುಳಿತು ಅವರು ಕರಡಿಯನ್ನೇ ನೋಡುತ್ತಿದ್ದರು. ಕರಡಿ ಅವರನ್ನು ನೋಡಿ ನಗುತ್ತಿತ್ತು. ಹನ್ನೊಂದೂಕಾಲು. ಜೀಪಿನ ಸದ್ದಾದಾಗಲೆಲ್ಲ ಎದ್ದು ನಿಂತು ಅಂಗಿ ಸರಿಮಾಡಿಕೊಂಡರು. ಹನ್ನೊಂದೂವರೆಗೆ ಮತ್ತೆ ಸೆಕ್ರೆಟರಿಯ ಫೋನು: ಹೈವೇಯಲ್ಲಿ ಬ್ಲಾಕು, ದಾರಿಯಲ್ಲೇ ಇದ್ದೇನೆ. ದೇವಕಿಯೂ ಅವಳ ಜೊತೆಯ ಸುಪ್ರೀತಾಳೂ ಚಪ್ಪಲಿ ಬೇರ್ಪಡಿಸುತ್ತ ಇವರತ್ತ ಕಳ್ಳನೋಟ ಬೀರಿದರು. ಮಾಷ್ಟ್ರಿಗೆ ಬಿಸಿಲು ತಾಗಿರಬೇಕೆಂದು ಸುಪ್ರೀತಾ ಒಂದು ಲೋಟ ನಿಂಬೆ ನೀರು ತಂದುಕೊಟ್ಟಳು. ಹನ್ನೆರಡಕ್ಕೆ ಹತ್ತು. ಐದು. ದೂರದ ಮಸೀದಿಯ ಆಚೆಯ ಮಿಲ್ಲಿನಲ್ಲಿ ಸೈರನ್ ಕೂಗಿತು. ಹನ್ನೆರಡು.

"ಎಂತ ಮಾಷ್ಟ್ರೇ, ಯಾರನ್ನು ಕಾಯುವುದು ನೀವು?" ದೇವಕಿಗೆ ಇನ್ನು ತಡೆಯಲಾಗಲಿಲ್ಲ.

ಇನ್ನು ರಹಸ್ಯವೆಂಥದ್ದು? "ನಿಮ್ಮ ಸೆಕ್ರೆಟರಿ ಸಾರನ್ನು."

ದೇವಕಿ ಸುಪ್ರೀತಾಳ ಮುಖ ನೋಡಿದಳು. "ಸಾರಾ? ನಮ್ಮ ಸೆಕ್ರೆಟರಿ ಹೆಂಗಸಲ್ವ ಮಾಷ್ಟ್ರೇ. ಬಂದು ಎರಡು ವರ್ಷ ಆಯ್ತು."

ಮಾಷ್ಟ್ರ ತಲೆಯೊಳಗೆ ಸೀನಿಯಾರಿಟಿ ಪಟ್ಟಿ ತಾನಾಗಿಯೇ ಬಿಚ್ಚಿಕೊಂಡಿತು. ಇಷ್ಟು ದಿನ ಅವರು ನೋಡಿದ್ದು ತಮ್ಮ ಹೆಸರನ್ನು ಮಾತ್ರ. ತಾವು ಬೇಡವೆಂದರೆ ಬಡ್ತಿ ಯಾರ ತಲೆಗೆ ಬೀಳುತ್ತದೆಂದು ಯೋಚಿಸಿರಲೇ ಇಲ್ಲ. ಅವರ ಕೆಳಗಿದ್ದ ಹೆಸರು ಪ್ರವೀತನದು.

ಫೋನು ಹೊಡೆದುಕೊಂಡಿತು. ಈ ಸಲ ಸ್ವಂತ ನಂಬರು, ಸ್ವಂತ ದನಿ.

"ಕ್ಷಮಿಸಿ ಶಂಕರಣ್ಣ. ಅಲ್ಲ, ಹೆಡ್ಮಾಷ್ಟ್ರೇ. ನನಗೆ ಆ ಮೊಟ್ಟೆ, ಗ್ಯಾಸು ಆಗ್ಲಿಕ್ಕಿಲ್ಲ. ನಿಮಗಾದರೆ ತಾಳ್ಮೆ ಉಂಟು."

ಮಾಷ್ಟ್ರು ಕರಡಿಯ ಕಡೆ ಒಮ್ಮೆ ನೋಡಿದರು. ಆಮೇಲೆ, ಹೆಡ್ಮಾಷ್ಟ್ರಾಗಿ ತಮ್ಮ ಮೊದಲ ಮಾತನ್ನು ಬಹಳ ಮೆಲ್ಲನೆ ಆಡಿದರು.

"ಪರವಾಗಿಲ್ಲ ಮಾರಾಯ. ಮಧ್ಯಾಹ್ನದೂಟಕ್ಕೆ ಒಬ್ಬ ಮಾಷ್ಟ್ರನ್ನು ಇಟ್ಟುಕೊಳ್ಳಬಹುದು ಅಂತ ಉಂಟು. ಅವನನ್ನು ಆರಿಸುವುದು ಹೆಡ್ಮಾಷ್ಟ್ರು. ಒಂದನೇ ತಾರೀಕಿನಿಂದ ಮೊಟ್ಟೆ, ಹಾಲು, ಗ್ಯಾಸು ಎಲ್ಲ ನಿನಗೆ."

ಪ್ರವೀತ್ ತಟ್ಟನೆ ಕಿನ್ನಿಯಕ್ಕನ ದನಿಗೆ ಹಾರಿ, ರಾಂಗ್ ನಂಬರೆಂದು ಫೋನು ಇಟ್ಟ.

ಮೊದಲು ನಕ್ಕದ್ದು ದೇವಕಿ. ಸುಪ್ರೀತಾ ಕೈಯಲ್ಲಿದ್ದ ಚಪ್ಪಲಿ ಬಿಟ್ಟು ಹೊಟ್ಟೆ ಹಿಡಿದುಕೊಂಡಳು. ಆದರೆ ಶೆಡ್ಡಿನ ತಗಡು ನಡುಗಿದ್ದು ಗೌರೀಶಂಕರ ಮಾಷ್ಟ್ರ ನಗೆಗೆ. ಕ್ರೇಟು ಮಗುಚಿ, ಬ್ಯಾಗುಗಳ ಗುಡ್ಡಕ್ಕೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೆ ಅವರು ನಕ್ಕರು. ಮುಂದಿನ ತಿಂಗಳಿನಿಂದ ಹಾಗೆ ನಗಲಿಕ್ಕೆ ಪುರುಸೊತ್ತಿರುವುದಿಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.