ಬೇಳೆ ಬೆಂದ ನೀರು

ಭಾನುವಾರ ಬೆಳಿಗ್ಗೆ ಮೂರನೇ ಮಹಡಿಯ ಅರ್ಪಿತ ಫ್ಲಶ್ ಒತ್ತಿ ಮೂಗು ಮುಚ್ಚಿಕೊಂಡಳು. ಹೈದರನ ಗ್ರಹಚಾರ ಕೆಟ್ಟದ್ದು ಅಲ್ಲಿಂದ.

ಬೂದಿಗೆರೆ ರಸ್ತೆಯ ಆ ಅಪಾರ್ಟ್‌ಮೆಂಟಿನಲ್ಲಿ ಅರವತ್ತು ಮನೆಗಳ ಕೊಳಚೆ ನೀರನ್ನು ಶುದ್ಧ ಮಾಡಿ ಫ್ಲಶ್ಶಿಗೂ ಗಿಡಗಳಿಗೂ ಬಿಡುವುದು ಅವನ ಕೆಲಸ. ಆ ಶುದ್ಧೀಕರಣ ಘಟಕದ ಪಕ್ಕದ ಒಂದೇ ಕೋಣೆಯಲ್ಲಿ ಅವನೂ ಹೆಂಡತಿ ಮಹಮೂದಾಳೂ ಇದ್ದರು. ಘಟಕ ನಿಂತರೆ ಕೆಲಸವೂ ಹೋಯಿತು, ಕೋಣೆಯೂ ಹೋಯಿತು.

ಹತ್ತು ಗಂಟೆಗೆ ಕಮಿಟಿ ಸೇರಿತು. ಹೈದರನನ್ನೂ ಕರೆಸಿದರು.

"ಈ ವಾಸನೆ ಸಾಕು ಅಂಕಲ್. ಘಟಕ ಮುಚ್ಚಿಸಿ, ಎಲ್ಲದಕ್ಕೂ ನಲ್ಲಿ ನೀರೇ ಬಿಡಿ," ಎಂದಳು ಅರ್ಪಿತ, ಅಧ್ಯಕ್ಷ ವೆಂಕಟರಾಯಪ್ಪನವರಿಗೆ.

"ನಲ್ಲಿ ನೀರಿಗಿಂತ ನನ್ನ ನೀರೇ ಚೆನ್ನಾಗೈತೆ ಮೇಡಂ!"

ಬಾಯಿ ಜಾರಿತ್ತು. ಮದುವೆಮನೆಯಲ್ಲಿ ಚಪ್ಪಲಿ ಕದ್ದು ಸಿಕ್ಕಿಬಿದ್ದವನನ್ನು ನೋಡುವಂತೆ ಎಲ್ಲರೂ ಹೈದರನನ್ನು ನೋಡಿದರು.

ಅಧ್ಯಕ್ಷರ ಹೆಂಡತಿ ಲಕ್ಷ್ಮೀದೇವಮ್ಮ ಎದ್ದು ನಿಂತರು. "ಬಾಯ್ಮಾತ್ಯಾಕೆ? ನಮ್ ತೋಟದಲ್ಲಿ ಬೋರ್ ಕೊರೆಸ್ದಾಗ್ಲೆಲ್ಲ ಬೇಳೆ ಬೇಯ್ಸೇ ನೀರು ನೋಡ್ತಿದ್ವಿ. ಒಂದ್ ಪಾತ್ರೇಲಿ ಇವನ ನೀರು, ಒಂದ್ರಲ್ಲಿ ನಲ್ಲಿ ನೀರು. ಬೇಳೆನೇ ಹೇಳ್ತದೆ, ಯಾವ್ದು ಸರಿ ಅಂತ."

ನೀರು ತರಲು ಹೈದರನನ್ನೇ ಅಟ್ಟಿದರು.

ಪಂಪಿನ ಮನೆಯಲ್ಲಿ ಅವನು ಎರಡು ಖಾಲಿ ಕ್ಯಾನು ಇಟ್ಟುಕೊಂಡ. ಎಷ್ಟು ಸೋಸಿದರೂ ಅದು ಅರವತ್ತು ಮನೆಯ ಕೊಳಚೆ. ನಲ್ಲಿ ನೀರಿನೆದುರು ಗೆದ್ದೀತೇ? 'ಘಟಕ' ಎಂದು ಬರೆದ ಕ್ಯಾನಿಗೆ ನಲ್ಲಿ ನೀರು ತುಂಬಿದ. 'ನಲ್ಲಿ' ಎಂದು ಬರೆದದ್ದಕ್ಕೆ ಘಟಕದ ನೀರು.

ಅಂಗಳದಲ್ಲಿ ಎರಡು ಒಲೆ ಹೊತ್ತಿದವು. ಮುಕ್ಕಾಲು ಗಂಟೆ ಕಳೆಯಿತು. 'ನಲ್ಲಿ' ಪಾತ್ರೆಯಲ್ಲಿ ತೊಗರಿಬೇಳೆ ಬೆಣ್ಣೆಯಂತೆ ಕರಗಿತ್ತು. 'ಘಟಕ' ಪಾತ್ರೆಯಲ್ಲಿ ಬೇಳೆ ಸರ್ಕಾರಿ ನೌಕರರ ಹಾಗೆ ಹಾಕಿದ ಜಾಗದಲ್ಲೇ ಗಟ್ಟಿಯಾಗಿ ಕೂತಿತ್ತು.

ಹೈದರನಿಗೆ ಆಗ ಹೊಳೆಯಿತು. ನಲ್ಲಿಗೆ ಬರುವುದು ಸಾವಿರದ ನಾನೂರು ಅಡಿ ಆಳದ ಬೋರ್‌ವೆಲ್‌ನ ಗಡಸು ನೀರು, ಸೋಪು ಹಾಕಿದರೂ ನೊರೆ ಬಾರದು, ಬೇಳೆಯೂ ಬೇಯದು. ಪೈಪಿನಲ್ಲಿ ಸುಣ್ಣ ಕಟ್ಟದಿರಲೆಂದು ಗಡಸುತನ ತೆಗೆಯುವ ಯಂತ್ರ ಇರುವುದು ಅವನ ಘಟಕದಲ್ಲಿ ಮಾತ್ರ. ಮೋಸ ಮಾಡದೆ ಸುಮ್ಮನೆ ತುಂಬಿ ತಂದಿದ್ದರೆ ಗೆದ್ದಿರುತ್ತಿದ್ದ.

ನಿಜ ಹೇಳಿಬಿಡೋಣವೆಂದು ಬಾಯಿ ತೆರೆದ. ಅಷ್ಟರಲ್ಲಿ ಲಕ್ಷ್ಮೀದೇವಮ್ಮ ಕರಗಿದ ಬೇಳೆಗೆ ಹುಣಸೆಹಣ್ಣು, ಸಾರಿನ ಪುಡಿ ಹಾಕಿ ಒಗ್ಗರಣೆ ಕೊಟ್ಟಾಗಿತ್ತು.

"ಅಮ್ಮಾ, ಅದು... ಉಣ್ಬೇಡಿ!"

"ಯಾಕೋ? ಸೋತೆ ಅಂತ ಹೊಟ್ಟೆಕಿಚ್ಚಾ? ಇಷ್ಟು ಚೆನ್ನಾಗಿ ಬೆಂದಿರೋ ಬೇಳೆ ಚೆಲ್ಲಕ್ಕಾಗ್ತದಾ?"

ಅರ್ಪಿತ ಲೋಟಕ್ಕೆ ಸಾರು ಬಗ್ಗಿಸಿಕೊಂಡು ಸೊರ್ರೆಂದು ಕುಡಿದಳು. "ವಾವ್ ಆಂಟಿ! ಇದಪ್ಪಾ ನೀರಂದ್ರೆ!" ಮಕ್ಕಳು ಮುದುಕರೆನ್ನದೆ ಎಲ್ಲರೂ ತಟ್ಟೆ ಹಿಡಿದು ಸಾಲು ನಿಂತರು.

ಹೈದರ್ ಬಾಯಿ ಮುಚ್ಚಿಕೊಂಡ. ಈಗ ನಿಜ ಹೇಳಿದರೆ ಕೆಲಸದ ಜೊತೆ ಮೈಮೂಳೆಯೂ ಉಳಿಯುವುದಿಲ್ಲ.

ವೆಂಕಟರಾಯಪ್ಪ ತೇಗಿ ತೀರ್ಪು ಕೊಟ್ಟರು. "ನಾಳೆಯಿಂದ ಘಟಕ ಬಂದ್. ಬೇಜಾರ್ ಮಾಡ್ಕೋಬೇಡಪ್ಪಾ ಹೈದರ್. ತಿಂಗಳ ಕೊನೆಗೆ ಕೋಣೆ ಖಾಲಿ ಮಾಡು, ಸಾಕು."

ಲಕ್ಷ್ಮೀದೇವಮ್ಮನಿಗೆ ಕರುಳು ಚುರುಕ್ಕೆಂದಿತು. ಅನ್ನಕ್ಕೆ ಸಾರು ಸುರಿದು ಅವನ ಕೈಗೆ ತಟ್ಟೆ ಕೊಟ್ಟರು. "ಮೊದ್ಲು ಉಣ್ಣು. ಬೆಳಿಗ್ಗೆಯಿಂದ ಒಂದ್ ತುತ್ತೂ ತಿಂದಿಲ್ಲ ನೀನು."

ಎಲ್ಲರೂ ನೋಡುತ್ತಿದ್ದರು. ಹೈದರ್ ಕಲಸಿ ಬಾಯಿಗಿಟ್ಟ. ರುಚಿಯಾಗಿತ್ತು.

"ಇನ್ನೊಂದ್ ಸೌಟು ಹಾಕ್ಲಾ?"

ಅವನು ತಟ್ಟೆ ಚಾಚಿದ.