ಹಿಮದ ಮೇಲೆ ಕುಂಟೆ ಹೊಡೆದದ್ದು

ಸ್ಕೀಯಿಂಗ್ ಎಂದರೇನು ಎಂದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಪರಶುರಾಂಪುರದ ಹೊಲದಲ್ಲಿ ಮೀಸೆ ಮೂಡುವ ಮೊದಲೇ ಕುಂಟೆಯ ದಿಂಡಿನ ಮೇಲೆ ನಿಂತು ಎತ್ತು ಹೊಡೆದವನು ನಾನು! ಮೇಲೆ ನಾನು, ಕಾಲ ಕೆಳಗೆ ಮರ, ಮರದ ಕೆಳಗೆ ಮಣ್ಣು. ಮಣ್ಣಿನ ಬದಲು ಹಿಮ ಇದ್ದರೆ ಅದೇ ಸ್ಕೀ. ಇಷ್ಟೇ ತಾನೆ?

ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿತೆಂದು ಹೆಂಡತಿ ಸರೋಜ ಹಿಮ ನೋಡಬೇಕೆಂದಳು. ಹಿಮಾಚಲದಲ್ಲಿ ಐದು ದಿನದ ಸ್ಕೀ ಶಿಬಿರವಿದೆ ಎಂದು ತಿಳಿದು, ಚಳ್ಳಕೆರೆಯ ಸೈಬರ್ ಅಂಗಡಿಯಲ್ಲಿ ಕೂತು ಅರ್ಜಿ ತುಂಬಿದೆವು. 'ನಿಮ್ಮ ಮಟ್ಟ' ಎಂಬ ಕಾಲಂ ಬಂತು. ಸರೋಜಳಿಗೆ 'ಹೊಸಬರು' ಎಂದು ಗುರುತು ಹಾಕಿಸಿದೆ. ನನಗೆ 'ಮಧ್ಯಮ'.

"ಏನ್ರೀ, ನೀವ್ಯಾವಾಗ ಕಲ್ತಿದ್ದು?"

"ಕುಂಟೆ ಮೇಲೆ ನಿಂತೋನು ಕಣೇ ನಾನು. 'ಉನ್ನತ' ಅಂತಲೇ ಹಾಕ್ಸಬೇಕಿತ್ತು, ಹೋಗ್ಲಿ ಅಂತ ಬಿಟ್ಟೀನಿ."

"ಕೊನೇ ದಿನ ಪರೀಕ್ಷೆ ಐತಂತೆ. ಪಾಸಾಗಿ ತೋರ್ಸ್ರಿ, ಆಗ ಒಪ್ಕೋತೀನಿ."

ಇಪ್ಪತ್ತೈದು ವರ್ಷದಲ್ಲಿ ಅವಳು ನನ್ನ ಒಂದು ಮಾತನ್ನೂ ಒಪ್ಪಿದವಳಲ್ಲ. ಈ ಸಲ ಬಿಡಬಾರದು ಎಂದು ತೀರ್ಮಾನಿಸಿದೆ.

ಮೊದಲ ದಿನ ಸುರಕ್ಷತೆಯ ಪಾಠ. ನಮ್ಮ ಗುರು ನೇಗಿ ಹಿಂದಿಯವನು; ಚಳ್ಳಕೆರೆ ಸಂತೆಯ ಉರ್ದು ನಮ್ಮನ್ನು ಕಾಪಾಡಿತು. "ಮೈಗೆ ಉಣ್ಣೆಯದು ಹಾಕಿ, ಹತ್ತಿ ಬಟ್ಟೆ ಬೇಡ, ಬೆವರಿಗೆ ಒದ್ದೆಯಾದರೆ ಒಣಗುವುದಿಲ್ಲ. ಒಬ್ಬರೇ ಎಲ್ಲೂ ಹೋಗಬೇಡಿ. ಕೊರಳಲ್ಲಿ ಸೀಟಿ ಇರಲೇಬೇಕು" ಎಂದ. ಮಧ್ಯಮ ದರ್ಜೆಯವರಿಗೆ ಇವೆಲ್ಲ ಯಾಕೆ? ನಾನು ಒಂದರ ಮೇಲೊಂದು ಮೂರು ಹತ್ತಿ ಬನಿಯನ್ ಹಾಕಿದೆ. ಸೀಟಿಯನ್ನು ಕೋಣೆಯ ಮೊಳೆಗೆ ನೇತುಹಾಕಿದೆ.

"ನನ್ನ ಗಂಟ್ಲು ಮೂರು ಹೊಲದಾಚೆ ಕೇಳ್ತೈತೆ. ಸೀಟಿ ಯಾಕೆ?" ಎಂದೆ.

ಸ್ಕೀ ಕಟ್ಟಿಕೊಂಡ ಮೇಲೆ ಒಂದು ಮುಖ್ಯ ಸಂಗತಿ ಗಮನಕ್ಕೆ ಬಂತು. ಮುಂದೆ ಎತ್ತುಗಳಿರಲಿಲ್ಲ! ಸಮತಟ್ಟಾದ ಹಿಮದಲ್ಲಿ ನನ್ನನ್ನು ನಾನೇ ಎಳೆದುಕೊಂಡು ಹೋಗಬೇಕು. ಎರಡು ದಿನ ಎಳೆದೆ, ಬಿದ್ದೆ, ನೇಗಿ ಹೇಳಿಕೊಟ್ಟಂತೆ ಮಗ್ಗುಲಾಗಿ ಎದ್ದೆ, ಮತ್ತೆ ಬಿದ್ದೆ. ಹಿಮಾಚಲದಲ್ಲಿ ಬೆವರಿದ ಮೊದಲ ಮನುಷ್ಯ ನಾನೇ ಇರಬೇಕು.

ಸರೋಜ ಮೊಳಕಾಲ್ಮೂರಿನ ನೇಕಾರರ ಮನೆಯ ಮಗಳು. ಕಾಲಲ್ಲಿ ಮಗ್ಗ ತುಳಿಯುತ್ತಾ ಕೈಯಲ್ಲಿ ಲಾಳಿ ಓಡಿಸಿ ಬೆಳೆದವಳು. ಸ್ಕೀಯಲ್ಲಿ ಎಡಗಾಲಿಗೆ ಬಲಗೈ, ಬಲಗಾಲಿಗೆ ಎಡಗೈ. "ಇದು ನಮ್ಮ ಮಗ್ಗದಂಗೇ ಐತಲ್ರೀ!" ಎನ್ನುತ್ತಾ ಸರಸರ ಹೊರಟೇಬಿಟ್ಟಳು. ಎರಡನೇ ದಿನ ಸಂಜೆ ನೇಗಿ ಅವಳನ್ನು ಮಧ್ಯಮ ತಂಡಕ್ಕೆ ಸೇರಿಸಿದ.

ಮೂರನೇ ದಿನ ನನ್ನ ಮೂರೂ ಬನಿಯನ್‌ಗಳು ಸೇಡು ತೀರಿಸಿಕೊಂಡವು. ಒದ್ದೆಯಾಗಿ, ಚಳಿ ಹಿಡಿದು, ಹಲ್ಲು ಕಟಕಟಿಸುತ್ತಾ ದಿನವಿಡೀ ರಜಾಯಿಯೊಳಗೆ ಮಲಗಿದೆ. ಅವತ್ತು ಹೊರಗೆ ಕಲಿಸಿದ್ದು ಒಂದೇ ಪಾಠ, ಇಳಿಜಾರಿನಲ್ಲಿ ನಿಲ್ಲುವುದು ಹೇಗೆ ಎಂಬುದು. "ಸ್ಕೀ ತುದಿ ಒಳಗೆ, ಹಿಮ್ಮಡಿ ಹೊರಗೆ. ಹೇಳ್ಕೊಡ್ಲಾ?" ಎಂದು ಸರೋಜ ರಾತ್ರಿ ಕೇಳಿದಳು. ಹೊಸಬರಿಂದ ಕಲಿಯುವುದೇ! ಗೋಡೆ ಕಡೆ ತಿರುಗಿ ಮಲಗಿದೆ.

ನಾಲ್ಕನೇ ದಿನ ಮತ್ತೆ ಸಮತಟ್ಟಿನಲ್ಲೇ ಎಳೆದಾಡಿದೆ. ಐದನೇ ದಿನ ಪರೀಕ್ಷೆ. ದಿಬ್ಬ ಹತ್ತಿ, ಜಾರಿ ಇಳಿದು, ಕೆಂಪು ಬಾವುಟದ ಮುಂದೆ ನಿಲ್ಲಬೇಕು. ಹತ್ತಿದೆ. ಜಾರಿದೆ. ಆಹಾ, ಎಂಥ ವೇಗ! ಬಾವುಟ ಹತ್ತಿರ ಬಂತು. ಮೂವತ್ತೈದು ವರ್ಷದಿಂದ ಕುಂಟೆ ನಿಲ್ಲಿಸಿದ ರೀತಿಯಲ್ಲೇ ಕೂಗಿದೆ.

"ಹೋ! ಹೋ! ಹೋ!"

ಸ್ಕೀ ನಿಲ್ಲಲಿಲ್ಲ. ಖುಷಿಗೆ ಕೂಗುತ್ತಿದ್ದಾನೆಂದು ತಿಳಿದು ನೇಗಿ ಚಪ್ಪಾಳೆ ತಟ್ಟಿದ. ಬಾವುಟ ಹಿಂದೆ ಹೋಯಿತು, ಚಹಾದ ಗೂಡಂಗಡಿ ಹಿಂದೆ ಹೋಯಿತು, ಆಮೇಲೆ ಒಂದು ತಗ್ಗಿನಲ್ಲಿ ಸೊಂಟದವರೆಗೆ ಹೂತುಹೋದೆ. ಕೂಗಿದೆ. ಮೂರು ಹೊಲ ದಾಟುವ ಗಂಟಲು ಆ ಗಾಳಿಯಲ್ಲಿ ಮೂರು ಮಾರು ದಾಟಲಿಲ್ಲ. ಕಾಲ್ಬೆರಳು ಇವೆಯೋ ಇಲ್ಲವೋ ತಿಳಿಯದಾದಾಗ ನಿಜವಾಗಿ ಹೆದರಿದೆ.

ಆಗ ಮೇಲೆ ಸೀಟಿ ಕೇಳಿಸಿತು. ಸರೋಜ ತಗ್ಗಿನ ಅಂಚಿನವರೆಗೆ ಜಾರಿ ಬಂದು, ತುದಿ ಒಳಗೆ ಹಿಮ್ಮಡಿ ಹೊರಗೆ ಮಾಡಿ ಸರಿಯಾಗಿ ನಿಂತು, ಊದುತ್ತಿದ್ದಳು. ನೇಗಿ ಹಗ್ಗ ತಂದ.

ಸರೋಜಳಿಗೆ 'ಮಧ್ಯಮ ದರ್ಜೆ, ಉತ್ತೀರ್ಣ' ಎಂಬ ಪ್ರಮಾಣಪತ್ರ ಸಿಕ್ಕಿತು. ನನಗೆ 'ಭಾಗವಹಿಸಿದ್ದಾರೆ' ಎಂದು.

ಊರಿಗೆ ಬಂದು, ಮಳೆ ಬಿದ್ದ ಮೇಲೆ, ಕಳೆದ ಮಾನವನ್ನು ಹುಡುಕಿಕೊಂಡು ಕುಂಟೆ ಹತ್ತಿದೆ. ಸರೋಜ ಬುತ್ತಿ ತಂದು ಬದುವಿನ ಮೇಲೆ ನಿಂತಿದ್ದಳು. ಆ ಸೀಟಿ ಇನ್ನೂ ಕೊರಳಲ್ಲೇ ಇತ್ತು.

"ಹೋ! ಹೋ!" ಎಂದೆ. ಎತ್ತುಗಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಸರೋಜ ಒಮ್ಮೆ ಊದಿದಳು. ಎತ್ತುಗಳು ಗಕ್ಕನೆ ನಿಂತವು. ನಾನು ನಿಲ್ಲಲಿಲ್ಲ!

ಕೆಸರಿನಲ್ಲಿ ಬಿದ್ದವನು ನೇಗಿ ಹೇಳಿಕೊಟ್ಟ ಕ್ರಮದಲ್ಲೇ ಮಗ್ಗುಲಾದೆ, ಎರಡೂ ಕಾಲು ಜೋಡಿಸಿದೆ, ಮಂಡಿಯೂರಿದೆ, ಎದ್ದು ನಿಂತೆ.

"ಬಿದ್ದು ಏಳೋದ್ರಾಗೆ ನೀವು ಮಧ್ಯಮ ಕಣ್ರೀ, ಒಪ್ಕೊಂಡೆ" ಎಂದಳು ಸರೋಜ.

ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ!